ಅಪ್ಪಯ್ಯನ ಕಣ್ಣಿನ ಹಳೆ ಫೋಟೋ ಎಲ್ಲಿ ಹೋಯಿತು?

ತೋಟದ ಮಾಣಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪಯ್ಯನಿಗೆ 66 ವರ್ಷ. ಶುಗರ್ ಬಂದು 14 ವರ್ಷ ಆಯಿತು. ಹೋದ ತಿಂಗಳು ನಮ್ಮೂರ ಸಭಾಭವನದಲ್ಲಿ ಕಣ್ಣಿನ ಕ್ಯಾಂಪ್ ಇತ್ತು. ಮೊಬೈಲ್ ಸಿಕ್ಕಿಸಿದ ಒಂದು ಸಣ್ಣ ಕ್ಯಾಮೆರಾದಲ್ಲಿ ಎರಡೂ ಕಣ್ಣಿನ ಒಳಗಿನ ಫೋಟೋ ತೆಗೆದರು. ಎಡಗಣ್ಣಿನಲ್ಲಿ ಮಧ್ಯಮ ಹಂತದ ಡಯಾಬಿಟಿಕ್ ರೆಟಿನೋಪತಿ ಇದೆ, ಅಂದರೆ ಶುಗರ್‌ನಿಂದ ರೆಟಿನಾಕ್ಕೆ (ಕಣ್ಣಿನ ಹಿಂದಿನ ಪರದೆಗೆ) ಬರುವ ಕಾಯಿಲೆ, ರೆಟಿನಾ ತಜ್ಞರಿಗೆ ತೋರಿಸಿ ಅಂತ ಚೀಟಿ ಕೊಟ್ಟರು.

ಅಪ್ಪಯ್ಯ ಒಪ್ಪಲೇ ಇಲ್ಲ. "ಯಂಗೆ ಚೊಲೋ ಕಾಣ್ತು, ಸುಮ್ನೆ ದುಡ್ಡು ಖರ್ಚು ಎಂತಕ್ಕೆ?" ಅಂದರು. ಅವರು ಹೇಳುವುದೂ ಸುಳ್ಳಲ್ಲ. ಈಗಲೂ ಅಡಿಕೆ ಮರದ ಕೆಳಗೆ ನಿಂತು, ಯಾವ ಕೊನೆ (ಗೊಂಚಲು) ಹಣ್ಣಾಗಿದೆ ಅಂತ ಮರ ಹತ್ತುವ ಕೊನೆಗೌಡನಿಗೆ ಹೇಳುವವರು ಅವರೇ. ಪೇಪರ್ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುತ್ತಾರೆ.

ಅಂತೂ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಎಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ: "ಹಿಂದೆ ತೆಗೆಸಿದ ಫೋಟೋ ಇದೆಯಾ?" ನಾನು ಬ್ಯಾಗ್ ಬಿಚ್ಚಿದೆ. 2019ರಲ್ಲಿ ಒಂದು ಕಡೆ, 2023ರಲ್ಲಿ ಇನ್ನೊಂದು ಕಡೆ ಫೋಟೋ ತೆಗೆಸಿದ್ದೆವು. ಬ್ಯಾಗಿನಲ್ಲಿ ಇದ್ದಿದ್ದು ಎರಡರ ಬಿಲ್ಲು, ಕನ್ನಡಕದ ನಂಬರ್ ಬರೆದ ಚೀಟಿ, ಮತ್ತೆ ಯಾರದೋ ಮದುವೆ ಕರೆಯೋಲೆ. ಫೋಟೋ ಒಂದೂ ಇಲ್ಲ.

ನನ್ನ ಪ್ರಶ್ನೆ ಇಷ್ಟೆ. ಕಣ್ಣು ಚೆನ್ನಾಗಿ ಕಾಣುತ್ತಿರುವಾಗ ಒಳಗೆ ಕಾಯಿಲೆ ಹೇಗೆ ಇರುತ್ತದೆ? ಹಳೆ ಫೋಟೋ ಅಷ್ಟು ಮುಖ್ಯವಾ? ಈಗ ಕೇಳಿದರೆ ಆಸ್ಪತ್ರೆಯವರು ಕೊಡುತ್ತಾರಾ?

ಬನವಾಸಿ ಬಸ್ಸು

ನಮ್ಮ ಮನೆಯಲ್ಲೂ ಇದೇ ಕಥೆ. ಫೈಲಿನಲ್ಲಿ ಬಿಲ್ಲು ಮಾತ್ರ ಇದೆ. ಉತ್ತರ ಬಂದರೆ ನನಗೂ ಬೇಕು.

ಕುಮಟಾ ಕನ್ನಡಕ

ನಾನು ಆಪ್ಟೋಮೆಟ್ರಿ (ಕಣ್ಣು ಪರೀಕ್ಷೆ ಮಾಡುವ ಕೋರ್ಸು) ಓದಿದವಳು, ಡಾಕ್ಟರ್ ಅಲ್ಲ. ಆದರೆ 11 ವರ್ಷದಿಂದ ದಿನಾ ಈ ಫೋಟೋ ತೆಗೆಯುವುದೇ ನನ್ನ ಕೆಲಸ. ಗೊತ್ತಿದ್ದಷ್ಟು ಹೇಳುತ್ತೇನೆ.

ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಅದಕ್ಕೇ ಇದು ಇಷ್ಟು ಮೋಸದ ಕಾಯಿಲೆ. ಶುಗರ್‌ನಿಂದ ಕಣ್ಣಿನ ಒಳಗಿನ ಸಣ್ಣ ರಕ್ತನಾಳಗಳ ಗೋಡೆ ಸಡಿಲ ಆಗುತ್ತದೆ. ಮೊದಲು ಅಲ್ಲಲ್ಲಿ ಗುಳ್ಳೆ ತರ ಉಬ್ಬುತ್ತದೆ, ಫೋಟೋದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ ಕಾಣುತ್ತದೆ. ಆಮೇಲೆ ರಕ್ತ ಸೋರುತ್ತದೆ. ಜಿಡ್ಡಿನಂಥ ಹಳದಿ ಕಲೆ ಕೂರುತ್ತದೆ. ಇದೆಲ್ಲ ಬದಿಯಲ್ಲಿ ನಡೆಯುತ್ತಿದ್ದರೆ ಓದಲಿಕ್ಕೆ ಏನೂ ತೊಂದರೆ ಇಲ್ಲ. ಓದುವ ದೃಷ್ಟಿ ಇರುವುದು ನಟ್ಟನಡುವಿನ ಒಂದು ಸಣ್ಣ ಜಾಗದಲ್ಲಿ, ಅದನ್ನು ಮ್ಯಾಕ್ಯುಲಾ ಅಂತಾರೆ. ನಾಳದಿಂದ ಸೋರಿದ ನೀರು ಅಲ್ಲಿಗೆ ಬಂದಾಗ ಅಕ್ಷರ ಮಸುಕಾಗುತ್ತದೆ. ಅಷ್ಟು ಹೊತ್ತಿಗೆ ಕಾಯಿಲೆ ಎಷ್ಟೋ ದೂರ ನಡೆದಿರುತ್ತದೆ.

ನಿಮ್ಮ ಅಪ್ಪಯ್ಯನಿಗೆ ತೋಟದ ಲೆಕ್ಕದಲ್ಲಿ ಹೇಳಿ ನೋಡಿ. ಮಳೆಗಾಲದ ಶುರುವಿನಲ್ಲಿ ಅಡಿಕೆಗೆ ಬೋರ್ಡೋ ಮದ್ದು ಹೊಡೆಸುವಾಗ ಕೊಳೆರೋಗ ಬಂದಿರುತ್ತದಾ? ಕಾಯಿ ಉದುರಿದ ಮೇಲೆ ಮದ್ದು ಹೊಡೆದರೆ ಉದುರಿದ ಕಾಯಿ ಮರಕ್ಕೆ ಹೋಗುತ್ತದಾ? ಈ ಕಾಯಿಲೆಗೆ ಮಾಡುವ ಲೇಸರ್ ಚಿಕಿತ್ಸೆಯ ವಿಷಯವೂ ಹಾಗೇ. ಇದ್ದ ದೃಷ್ಟಿ ಉಳಿಸಲಿಕ್ಕೆ ಅದು, ಹೋಗಿದ್ದನ್ನು ತರಲಿಕ್ಕೆ ಅಲ್ಲ.

ಇನ್ನು ಹಳೆ ಫೋಟೋ. ಒಂದು ಫೋಟೋ ಇವತ್ತು ಏನಿದೆ ಅಂತ ಮಾತ್ರ ಹೇಳುತ್ತದೆ. ಎಡಗಣ್ಣಿನಲ್ಲಿ ಹತ್ತು ಚುಕ್ಕೆ ಇದೆ ಅಂತಿಟ್ಟುಕೊಳ್ಳಿ. ಎರಡು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಹತ್ತೇ ಇತ್ತು ಅಂದರೆ ಡಾಕ್ಟರ್ ಸ್ವಲ್ಪ ಸಮಾಧಾನದಲ್ಲಿ ಇರುತ್ತಾರೆ. ಆಗ ಒಂದೂ ಇರಲಿಲ್ಲ ಅಂದರೆ ಲೆಕ್ಕವೇ ಬೇರೆ. ಮುಂದಿನ ಸಲ ಯಾವಾಗ ಬರಬೇಕು ಅನ್ನುವುದು ಇದರ ಮೇಲೆ ನಿಂತಿದೆ. ನಮ್ಮ ಜಿಲ್ಲೆಯವರು ಒಂದು ವರ್ಷ ಮಣಿಪಾಲ, ಇನ್ನೊಂದು ವರ್ಷ ಹುಬ್ಬಳ್ಳಿ, ಮಧ್ಯೆ ಒಂದು ಕ್ಯಾಂಪ್ ಅಂತ ತಿರುಗುತ್ತೇವೆ. ಪ್ರತಿ ಕಡೆಯೂ ನಾವು ಹೊಸ ಪೇಷಂಟ್. ಪ್ರತಿ ಕಡೆಯೂ ಅದು ಮೊದಲ ಫೋಟೋ!

ಕಾಳಿ ಹೊಳೆ (ಕಾರವಾರ)

ಅಕ್ಕ, ಮೊದಲ ಫೋಟೋ ಅಂದಿರಲ್ಲ, ಅದಕ್ಕಿಂತ ದೊಡ್ಡ ಫಜೀತಿ ನಮ್ಮದು.

ಅಮ್ಮನಿಗೆ ಮ್ಯಾಕ್ಯುಲಾದಲ್ಲಿ ನೀರು ತುಂಬಿತ್ತು. ಗೋವಾದಲ್ಲಿ ತೋರಿಸುತ್ತಿದ್ದೆವು. ಓಸಿಟಿ ಸ್ಕ್ಯಾನ್ ಮಾಡಿ ಕಣ್ಣಿಗೆ ಇಂಜೆಕ್ಷನ್ ಕೊಟ್ಟರು. ಮೂರು ಇಂಜೆಕ್ಷನ್ ಆದ ಮೇಲೆ ರೆಟಿನಾದ ದಪ್ಪ 290ಕ್ಕೆ ಇಳಿದಿದೆ, ಚೆನ್ನಾಗಿದೆ ಅಂದರು. ಆಮೇಲೆ ಅಣ್ಣನ ಮನೆಗೆ ಹೋದಾಗ ಉಡುಪಿ ಕಡೆ ಇನ್ನೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಹತ್ತೇ ದಿನದ ಅಂತರ. ಅಲ್ಲಿ 345 ಬಂತು. ಅಮ್ಮ ಅಳಲಿಕ್ಕೇ ಶುರು ಮಾಡಿದರು. ಇಂಜೆಕ್ಷನ್ ಎಲ್ಲ ಹೊಳೆಗೆ ಹಾಕಿದ ಹಾಗಾಯಿತು ಅಂತ.

ಆಮೇಲೆ ಗೊತ್ತಾಗಿದ್ದು, ಯಂತ್ರ ಬೇರೆ ಬೇರೆ ಅಂತೆ. ಇದು ನಿಜವಾ? ಅಥವಾ ಸಮಾಧಾನಕ್ಕೆ ಹೇಳಿದ್ದಾ?

ಕುಮಟಾ ಕನ್ನಡಕ

ನಿಜ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕ್ಯಾಂಪಿನಲ್ಲಿ ತೆಗೆದದ್ದು ಫಂಡಸ್ ಫೋಟೋ. ಅದು ಮೇಲಿಂದ ನೋಡಿದ ಹಾಗೆ. ಗದ್ದೆಯನ್ನು ಗುಡ್ಡದ ಮೇಲೆ ನಿಂತು ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ಎಲ್ಲಿ ಕಲೆ ಇದೆ, ಎಲ್ಲಿ ರಕ್ತ ಇದೆ ಅಂತ ಕಾಣುತ್ತದೆ. ಆದರೆ ನೆಲ ಎಷ್ಟು ಉಬ್ಬಿದೆ ಅಂತ ಕಾಣುವುದಿಲ್ಲ. ಓಸಿಟಿ ಅಂದರೆ ಹಲಸಿನಹಣ್ಣು ಕೊಯ್ದು ಅಡ್ಡಲಾಗಿ ನೋಡಿದ ಹಾಗೆ, ಆದರೆ ಚೂರಿ ಇಲ್ಲ, ಬರೀ ಬೆಳಕು. ಕಣ್ಣೊಳಗೆ ಬೆಳಕು ಬಿಡುತ್ತಾರೆ, ಒಂದೊಂದು ಪದರದಿಂದ ಅದು ಹೇಗೆ ವಾಪಸ್ ಬರುತ್ತದೆ ಅಂತ ಅಳೆಯುತ್ತಾರೆ. ಎಕ್ಸ್-ರೇ ಅಲ್ಲ, ವಿಕಿರಣದ ಹೆದರಿಕೆ ಬೇಡ. 1991ರಲ್ಲಿ ಅಮೆರಿಕದ ಎಂಐಟಿ ತಂಡದವರು ಇದನ್ನು ಮೊದಲು ಪ್ರಕಟಿಸಿದ್ದು. ಈಗ ತಾಲೂಕು ಮಟ್ಟದ ಖಾಸಗಿ ಕ್ಲಿನಿಕ್‌ಗಳಿಗೂ ಬಂದಿದೆ.

ಈಗ ನಿಮ್ಮ 290, 345ರ ವಿಷಯ. ಅದು ಮೈಕ್ರಾನ್ ಲೆಕ್ಕ, ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ರೆಟಿನಾದ ನಡುಭಾಗ ಸಾಧಾರಣ ಕಾಲು ಮಿಲಿಮೀಟರ್ ದಪ್ಪ ಇರುತ್ತದೆ. ಯಂತ್ರ ಮೇಲಿಂದ ಒಂದು ಗೆರೆ, ಕೆಳಗಿಂದ ಒಂದು ಗೆರೆ ಎಳೆದು ನಡುವಿನ ಅಂತರ ಹೇಳುತ್ತದೆ. ಕೆಳಗಿನ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಒಂದೇ ಕಣ್ಣನ್ನು ಹಳೆ ಮಾದರಿಯ ಯಂತ್ರದಲ್ಲಿ ಮತ್ತು ಹೊಸದರಲ್ಲಿ ನೋಡಿದರೆ 50 ಮೈಕ್ರಾನ್‌ಗಿಂತ ಜಾಸ್ತಿ ವ್ಯತ್ಯಾಸ ಬರಬಹುದು. ಎರಡು ಅಂಗಡಿಯ ತಕ್ಕಡಿ ಇದ್ದ ಹಾಗೆ. ಹಾಗಾಗಿ ಓಸಿಟಿ ಆದಷ್ಟು ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ಬೇರೆ ಕಡೆ ಮಾಡಿಸಲೇಬೇಕಾಗಿ ಬಂದರೆ ಬರೀ ನಂಬರ್ ನೋಡಿ ಅಳಬೇಡಿ, ಚಿತ್ರ ತೋರಿಸಿ. ನೀರಿನ ಗುಳ್ಳೆ ಕಪ್ಪಗೆ ಕಾಣುತ್ತದೆ, ಅದು ಇದೆಯೋ ಹೋಗಿದೆಯೋ ಅನ್ನುವುದನ್ನು ಡಾಕ್ಟರ್ ನೋಡುತ್ತಾರೆ.

ಕಾಳಿ ಹೊಳೆ (ಕಾರವಾರ)

ಇಷ್ಟು ಹೇಳಿದ್ದರೆ ಅವತ್ತು ಅಮ್ಮ ಊಟ ಬಿಡುತ್ತಿರಲಿಲ್ಲ. ಥ್ಯಾಂಕ್ಸ್ ಅಕ್ಕ.

ಬಂಡಿಹಬ್ಬ (ಅಂಕೋಲಾ)

ನಾನೊಂದು ಬೇರೆ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಈ ಸ್ಕ್ಯಾನ್ ಎಲ್ಲ ಸ್ವಲ್ಪ ಜಾಸ್ತಿಯೇ ಆಗಿದೆ ಅಲ್ವಾ? ಹೋದಾಗಲೆಲ್ಲ ಸ್ಕ್ಯಾನ್, ಹೋದಾಗಲೆಲ್ಲ ಬಿಲ್ಲು. ನನ್ನ ಮಾವನಿಗೆ ಒಂದು ಕಡೆ "ಈ ವಾರವೇ ಇಂಜೆಕ್ಷನ್ ಆಗಬೇಕು" ಅಂದರು. ಹೆಸರು ಹೇಳುವುದಿಲ್ಲ. ಇನ್ನೊಬ್ಬರ ಹತ್ತಿರ ಹೋದೆವು. ಅವರು ಚಿತ್ರ ನೋಡಿ, ನೀರು ನಡುಭಾಗಕ್ಕೆ ಬಂದಿಲ್ಲ, ದೃಷ್ಟಿಯೂ ಚೆನ್ನಾಗಿದೆ, ಮೂರು ತಿಂಗಳು ನೋಡೋಣ ಅಂದರು. ಇವತ್ತಿಗೂ ಇಂಜೆಕ್ಷನ್ ಕೊಟ್ಟಿಲ್ಲ. ಹಾಗಿದ್ದರೆ ಮೊದಲಿನವರು ಹೇಳಿದ್ದು ಏನು?

ತೋಟದ ಮಾಣಿ (ಶಿರಸಿ)

ಸಿಟ್ಟು ಎಂಥದ್ದು. ಆದರೆ ಒಂದು ನೋಡಿ. ಎರಡನೇ ಡಾಕ್ಟರಿಗೆ ತೋರಿಸಲಿಕ್ಕೆ ನಿಮ್ಮ ಕೈಯಲ್ಲಿ ಚಿತ್ರ ಇತ್ತು. ನಮ್ಮ ಕೈಯಲ್ಲಿ ಮದುವೆ ಕರೆಯೋಲೆ ಇತ್ತು!

ಬಂಡಿಹಬ್ಬ (ಅಂಕೋಲಾ)

ಅದೂ ಹೌದು ಅನ್ನಿ. ಹೆಂಡತಿ ಹಟ ಹಿಡಿದು ಫೋನಿಗೆ ಹಾಕಿಸಿಕೊಂಡಿದ್ದಳು.

ಹಿತ್ತಲ ಮದ್ದು

ಇದಕ್ಕೆಲ್ಲ ಫೋಟೋ ಯಾಕೆ ಬೇಕು. ನಮ್ಮ ಅಜ್ಜಿ ಕಣ್ಣಿಗೆ ಜೇನುತುಪ್ಪ ಬಿಡುತ್ತಿದ್ದರು. 90 ವರ್ಷ ಸೂಜಿಗೆ ದಾರ ಪೋಣಿಸಿದರು.

ಕುಮಟಾ ಕನ್ನಡಕ

ಅಜ್ಜಿಗೆ ಶುಗರ್ ಇತ್ತಾ? ದಯವಿಟ್ಟು ಕಣ್ಣಿಗೆ ಏನೂ ಬಿಡಬೇಡಿ. ಮೇಲೆ ಬಿಟ್ಟ ಜೇನು ಹಿಂದಿನ ಪರದೆಗೆ ಹೋಗುವುದಿಲ್ಲ, ಕರಿಗುಡ್ಡೆಯ ಮೇಲೆ ಸೋಂಕು ಮಾಡಬಹುದು. ಇದರ ಬಗ್ಗೆ ಇಲ್ಲಿ ಜಗಳ ಬೇಡ.

ಘಟ್ಟ ಇಳಿದವ

ಫೋಟೋ ತೆಗೆಸಲಿಕ್ಕೆ ಹೋಗುವವರಿಗೆ ನನ್ನದೊಂದು ಅನುಭವ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿಸಿಕೊಂಡು ಗಾಡಿ ಓಡಿಸಬೇಡಿ. ನಾನು ಕುಮಟಾದಲ್ಲಿ ತೋರಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಏನಾಗುತ್ತದೆ ಅಂತ ಬೈಕ್ ಹತ್ತಿದೆ. ದೇವಿಮನೆ ಘಾಟಿನಲ್ಲಿ ಎದುರಿಗೆ ಬಸ್ ಬಂತು. ಬಿಸಿಲು ಹೊಡೆದು ಬಸ್ಸೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಚರಂಡಿ ಬದಿ ನಿಲ್ಲಿಸಿ ಒಂದು ತಾಸು ಕೂತೆ. ದೇವಿಮನೆ ದೇವರೇ ಕಾಪಾಡಿದ್ದು. ಜೊತೆಗೆ ಒಬ್ಬರು ಇರಲಿ, ಇಲ್ಲಾಂದ್ರೆ ಬಸ್ಸಿಗೆ ಹೋಗಿ.

ಬನವಾಸಿ ಬಸ್ಸು

ಕ್ಯಾಂಪಿನಲ್ಲಿ ಡ್ರಾಪ್ಸ್ ಹಾಕಲೇ ಇಲ್ಲವಲ್ಲ? ಅಲ್ಲಿ ಹೇಗೆ ತೆಗೆಯುತ್ತಾರೆ?

ಕುಮಟಾ ಕನ್ನಡಕ

ಕೆಲವು ಕ್ಯಾಮೆರಾಕ್ಕೆ ಡ್ರಾಪ್ಸ್ ಇಲ್ಲದೆ ನಡೆಯುತ್ತದೆ. ಕೋಣೆ ಕತ್ತಲೆ ಮಾಡಿದರೆ ಪಾಪೆ ತಾನೇ ಅಗಲ ಆಗುತ್ತದೆ. ಆದರೆ ವಯಸ್ಸಾದವರ, ಅದರಲ್ಲೂ ಶುಗರ್ ಇದ್ದವರ ಪಾಪೆ ಸಣ್ಣದೇ ಇರುತ್ತದೆ. ಪೊರೆ ಬಂದಿದ್ದರೆ ಮಂಜು ಕವಿದ ಹಾಗೆ ಫೋಟೋ ಬರುತ್ತದೆ. ಆಗ ಡ್ರಾಪ್ಸ್ ಬೇಕೇ ಬೇಕು. ಪರಿಣಾಮ ನಾಲ್ಕರಿಂದ ಆರು ತಾಸು ಇರುತ್ತದೆ.

ಇನ್ನೊಂದು ಮಾತು. ಕ್ಯಾಂಪಿನ ಕ್ಯಾಮೆರಾ ಸಾಮಾನ್ಯವಾಗಿ ನಡುಭಾಗದ 45 ಡಿಗ್ರಿಯಷ್ಟು ಮಾತ್ರ ನೋಡುತ್ತದೆ. ಅಂಚು ಕಾಣುವುದಿಲ್ಲ. ಕಣ್ಣೆದುರು ಮಿಂಚು ಹೊಡೆದ ಹಾಗೆ, ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳು ತೇಲಿದ ಹಾಗೆ, ಬದಿಯಿಂದ ಪರದೆ ಎಳೆದ ಹಾಗೆ ಆದರೆ "ಕ್ಯಾಂಪಿನಲ್ಲಿ ನಾರ್ಮಲ್ ಅಂದಿದ್ದರು" ಅಂತ ಮನೆಯಲ್ಲಿ ಕೂರಬೇಡಿ. ಅದೇ ದಿನ ಹೋಗಿ.

ಎರಡು ಹೊತ್ತು ಇಂಟರ್ನೆಟ್

ಫೋಟೋ ನೋಡಿ ಕಾಯಿಲೆ ಹೇಳುವುದು ಈಗ ಡಾಕ್ಟರ್ ಅಲ್ಲ, ಎಐ ಅಂತಾರಲ್ಲ? ನಾನು ಸಾಫ್ಟ್‌ವೇರ್‌ನವನು, ಊರಿಗೆ ಬಂದು ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ನೆಟ್ ಇದ್ದಾಗ. ಈ ವಿಷಯ ಸ್ವಲ್ಪ ಓದಿದ್ದೆ.

2016ರಲ್ಲಿ ಗೂಗಲ್‌ನವರು ಸುಮಾರು 1,28,000 ರೆಟಿನಾ ಚಿತ್ರಗಳನ್ನು ಕೊಟ್ಟು ಕಂಪ್ಯೂಟರಿಗೆ ಕಲಿಸಿದರು. ಅದರಲ್ಲಿ ನಮ್ಮ ದೇಶದ ಅರವಿಂದ, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯ ಕಣ್ಣಾಸ್ಪತ್ರೆಗಳ ಚಿತ್ರಗಳೂ ಇದ್ದವು. 2018ರಲ್ಲಿ ಅಮೆರಿಕದಲ್ಲಿ ಡಾಕ್ಟರ್ ನೋಡದೆಯೇ ತಾನಾಗಿ ಫಲಿತಾಂಶ ಹೇಳುವ ಒಂದು ವ್ಯವಸ್ಥೆಗೆ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಫೋನಿಗೆ ಸಿಕ್ಕಿಸುವ ಕ್ಯಾಮೆರಾ ಮಾಡುವ ರೆಮಿಡಿಯೋ ಬೆಂಗಳೂರಿನದೇ ಕಂಪನಿ. ಅವರ ಎಐ ಇಂಟರ್ನೆಟ್ ಇಲ್ಲದೆ ಫೋನಿನಲ್ಲೇ ನಡೆಯುತ್ತದೆ. ನಮ್ಮ ಕಡೆಗೆ ಅದೇ ಸರಿ.

ಆದರೆ ಗೂಗಲ್‌ನವರು ಥಾಯ್ಲೆಂಡಿನ ಹಳ್ಳಿ ಕಡೆಯ ಕ್ಲಿನಿಕ್‌ಗಳಿಗೆ ಹೋದಾಗ ಏನಾಯಿತು ಗೊತ್ತಾ? ಐದರಲ್ಲಿ ಒಂದಕ್ಕಿಂತ ಜಾಸ್ತಿ ಫೋಟೋಗಳನ್ನು ಯಂತ್ರ "ಸ್ಪಷ್ಟ ಇಲ್ಲ" ಅಂತ ತಳ್ಳಿಹಾಕಿತು. ಕೋಣೆ ಸರಿಯಾಗಿ ಕತ್ತಲೆ ಇರಲಿಲ್ಲ, ನೆಟ್ ನಿಧಾನ. ಇದನ್ನು ಓದಿದಾಗ ನಮ್ಮೂರಿನ ಹೆಂಚಿನ ಸಭಾಭವನವೇ ಕಣ್ಣೆದುರು ಬಂತು.

ಕುಮಟಾ ಕನ್ನಡಕ

ಸರಿಯಾಗಿ ಹೇಳಿದಿರಿ. ಯಂತ್ರ ಜರಡಿ ಹಿಡಿಯುತ್ತದೆ ಅಷ್ಟೆ. ಯಾರನ್ನು ತಜ್ಞರ ಹತ್ತಿರ ಕಳಿಸಬೇಕು ಅಂತ ಆರಿಸುತ್ತದೆ. ಕಳಿಸಿದ ಮೇಲೆ ಹೋಗುವುದು ಬಿಡುವುದು ನಮ್ಮ ಕೈಯಲ್ಲಿದೆ. ನಾನು ಚೀಟಿ ಬರೆದುಕೊಟ್ಟವರಲ್ಲಿ ಎಷ್ಟೋ ಜನ ಮುಂದಿನ ವರ್ಷ ಅದೇ ಕ್ಯಾಂಪಿಗೆ ಅದೇ ಚೀಟಿ ಹಿಡಿದು ಬರುತ್ತಾರೆ. "ಕೊನೆಕೊಯ್ಲು ಇತ್ತು ಮಾರಾಯ್ತಿ, ಆಗಲಿಲ್ಲ" ಅಂತಾರೆ. ಬೈಯಲಿಕ್ಕೂ ಮನಸ್ಸು ಬರುವುದಿಲ್ಲ. ಒಂದು ಫೋಟೋ ತೋರಿಸಲಿಕ್ಕೆ ಮೂರು ತಾಸು ಬಸ್ಸು, ಜೊತೆಗೊಬ್ಬರು, ಒಂದು ದಿನದ ಕೆಲಸ ಹಾಳು.

ಬಂಡಿಹಬ್ಬ (ಅಂಕೋಲಾ)

ಬಸ್ಸಾದರೂ ಇದ್ದರೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿತ್ತಲ್ಲ. ಆ ವಾರ ಮಾವನ ಅಪಾಯಿಂಟ್‌ಮೆಂಟ್ ಇತ್ತು. ಅಷ್ಟು ದೊಡ್ಡ ದುಃಖದ ನಡುವೆ ಇದನ್ನು ಹೇಳಲಿಕ್ಕೂ ನಾಚಿಕೆ. ಆದರೆ ಆಮೇಲೆ ಎರಡು ತಿಂಗಳು ತಪ್ಪಿಯೇ ಹೋಯಿತು.

ಅಂಕೋಲೆಯ ಟೀಚರ್

ಶುಗರ್ ಇಲ್ಲದವರೂ ಈ ಚರ್ಚೆ ಓದಲಿ ಅಂತ ನನ್ನದೊಂದು ಸೇರಿಸುತ್ತೇನೆ. ನನಗೆ ಸಂಧಿವಾತ. ಆರು ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೊರೊನಾ ಕಾಲದಲ್ಲಿ ಹೆಸರು ಮಾಡಿತ್ತಲ್ಲ, ಅದೇ. ಒಳ್ಳೆ ಮಾತ್ರೆ, ನನ್ನ ಕೈ ಬೆರಳು ಈಗ ಚಾಕ್‌ಪೀಸ್ ಹಿಡಿಯುತ್ತದೆ. ಆದರೆ ತುಂಬಾ ವರ್ಷ ತೆಗೆದುಕೊಂಡರೆ ಕೆಲವರಲ್ಲಿ ರೆಟಿನಾ ಹಾಳು ಮಾಡುತ್ತದೆ, ಹಾಳಾದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಮಾತ್ರೆ ಶುರು ಮಾಡುವಾಗ ಒಂದು ಸಲ, ಐದು ವರ್ಷ ಆದ ಮೇಲೆ ಪ್ರತಿ ವರ್ಷ ಓಸಿಟಿ ಮತ್ತು ದೃಷ್ಟಿಯ ಹರವಿನ ಪರೀಕ್ಷೆ ಮಾಡಿಸಬೇಕು. ಕಿಡ್ನಿ ತೊಂದರೆ ಇದ್ದವರು ಇನ್ನೂ ಬೇಗ. ಮಾತ್ರೆಯ ಪ್ರಮಾಣ ಮೈತೂಕದ ಒಂದು ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ದಾಟಬಾರದು ಅಂತ ಕಣ್ಣಿನ ಡಾಕ್ಟರ್ ಲೆಕ್ಕ ಹಾಕಿ ತೋರಿಸಿದರು. ಹೆದರಿ ಮಾತ್ರೆ ಬಿಡಬೇಡಿ, ನಾನೊಮ್ಮೆ ಬಿಟ್ಟು ಕೈ ಮಡಚಲಾರದೆ ಒದ್ದಾಡಿದ್ದೇನೆ.

ಹೊಸ ಅಮ್ಮ

ನಾನೂ ಹೇಳಲಾ? ನನ್ನ ಮಗು 31 ವಾರಕ್ಕೆ ಹುಟ್ಟಿತು, 1,400 ಗ್ರಾಂ. ಅವಳ ಕಣ್ಣಿನ ಒಳಗೂ ಫೋಟೋ ತೆಗೆದರು. ಅಷ್ಟು ಸಣ್ಣ ಕಣ್ಣಿಗೆ ಕ್ಯಾಮೆರಾ ಇಡುವುದನ್ನು ನೋಡಲಾಗದೆ ನಾನು ಹೊರಗೆ ಹೋಗಿ ಕೂತಿದ್ದೆ. ಎರಡು ಸಲ ನೋಡಿ, ರೆಟಿನಾದ ರಕ್ತನಾಳ ಸರಿಯಾಗಿ ಬೆಳೆಯುತ್ತಿದೆ ಅಂದರು. ಈಗ ಮೂರು ವರ್ಷ, ಇರುವೆ ಕಂಡರೂ ಕೂಗುತ್ತಾಳೆ.

ಕುಮಟಾ ಕನ್ನಡಕ

ಇರುವೆ ಕಾಣಲಿ, ಒಳ್ಳೆಯದಾಗಲಿ! ಓದುವವರಿಗೆ ಒಂದು ಮಾತು: 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಮೊದಲ ರೆಟಿನಾ ಪರೀಕ್ಷೆ ಆಗಬೇಕು. ಬಾಣಂತನದ ಗಡಿಬಿಡಿಯಲ್ಲಿ ತಪ್ಪಿಸಬೇಡಿ. ಹಳ್ಳಿ ಕಡೆಯ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುವ ಕಿಡ್‌ರಾಪ್ ಅನ್ನುವ ಕೆಲಸ 2008ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾಗಿದ್ದು, ನಾರಾಯಣ ನೇತ್ರಾಲಯದಿಂದ.

ತೋಟದ ಮಾಣಿ (ಶಿರಸಿ)

ಹದಿನೈದು ದಿನ ಬಿಟ್ಟು ಬರುತ್ತಿದ್ದೇನೆ. ಆದ ಸುದ್ದಿ ಹೇಳುತ್ತೇನೆ.

ಹಳೆ ಫೋಟೋ ಹುಡುಕಿಕೊಂಡು ಹೊರಟೆ. 2019ರದ್ದು ಹೋಯಿತು. ಕಂಪ್ಯೂಟರ್ ಬದಲಾಯಿಸಿದಾಗ ಹಳೆಯದೆಲ್ಲ ಅಳಿಸಿ ಹೋಗಿದೆ ಅಂದರು. ಡಾಕ್ಟರುಗಳ ಮೇಲಿನ 2002ರ ನಿಯಮದಲ್ಲಿ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು ಅಂತಿದೆ, ಹಾಗಾಗಿ ಜಗಳಕ್ಕೂ ದಾರಿ ಇಲ್ಲ. ಆದರೆ ಅದೇ ನಿಯಮದಲ್ಲಿ, ಪೇಷಂಟ್ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಅಂತಲೂ ಇದೆ. 2023ರದ್ದು ಸಿಕ್ಕಿತು. ಕೌಂಟರಿನ ಹುಡುಗಿ ಮೊದಲು ಪ್ರಿಂಟ್ ಕೊಟ್ಟಳು, ಕಾಗದದ ಮೇಲೆ ಎಲ್ಲ ಕಂದು ಬಣ್ಣದ ರಾಡಿ. ಪೆನ್‌ಡ್ರೈವ್ ಕೊಟ್ಟ ಮೇಲೆ ಮೂಲ ಚಿತ್ರ ಹಾಕಿಕೊಟ್ಟಳು.

ಹುಬ್ಬಳ್ಳಿಯ ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಎಡಗಣ್ಣಿನಲ್ಲಿ ಆಗ ಎರಡೋ ಮೂರೋ ಚುಕ್ಕೆ ಇತ್ತು. ಈಗ ಎಣಿಸಲಿಕ್ಕೆ ಆಗದಷ್ಟು, ಹಳದಿ ಕಲೆ ನಡುಭಾಗದ ಕಡೆ ಸರಿಯುತ್ತಿದೆ. ಓಸಿಟಿಯಲ್ಲಿ ಇನ್ನೂ ನೀರಿಲ್ಲ. ಮೊದಲು ಆರು ತಿಂಗಳು ಬಿಟ್ಟು ಬನ್ನಿ ಅಂದವರು ಈಗ ಮೂರು ತಿಂಗಳು ಅಂದರು. ಶುಗರ್ ಜೊತೆ ಬಿಪಿಯನ್ನೂ ಹಿಡಿತಕ್ಕೆ ತರಬೇಕು ಅಂತ ನಮ್ಮ ಊರಿನ ಡಾಕ್ಟರಿಗೆ ಕಾಗದ ಕೊಟ್ಟಿದ್ದಾರೆ.

ಬಲಗಣ್ಣಿನದು ತಮಾಷೆ. ಅಲ್ಲಿ ಒಂದು ಬೂದು ಬಣ್ಣದ ಮಚ್ಚೆ ಇದೆ ಅಂತ ಮೊದಲ ಸಲವೇ ಹೇಳಿದ್ದರು. ಮೈಮೇಲೆ ಮಚ್ಚೆ ಇರುವ ಹಾಗೆ ಕಣ್ಣೊಳಗೂ ಇರುತ್ತದಂತೆ. ಹೆಚ್ಚಿನವು ಸುಮ್ಮನೆ ಇರುತ್ತವೆ, ಅಪರೂಪಕ್ಕೆ ಬೆಳೆಯುವಂಥದ್ದು ಇದ್ದರೆ ಅಪಾಯ. ಬೆಳೆಯುತ್ತಿದೆಯಾ ಅಂತ ಗೊತ್ತಾಗಬೇಕಾದರೆ ಹಳೆ ಫೋಟೋ ಬೇಕು. ನಾನು ಹದಿನೈದು ದಿನ ಈ ವಿಷಯ ಅಪ್ಪಯ್ಯನಿಗೂ ಆಯಿಗೂ ಹೇಳದೆ ನುಂಗಿಕೊಂಡಿದ್ದೆ. 2023ರ ಫೋಟೋದಲ್ಲಿ ಅದೇ ಜಾಗ, ಅದೇ ಅಳತೆ. ಪಕ್ಕದ ನಾಳದ ಕವಲು ಹಿಡಿದು ಅಳೆದು ತೋರಿಸಿದರು.

ಅಪ್ಪಯ್ಯ ತನ್ನ ಕಣ್ಣಿನ ಚಿತ್ರವನ್ನು ತುಂಬಾ ಹೊತ್ತು ನೋಡಿದರು. "ಹಣ್ಣಡಿಕೆ ಇದ್ದಂಗೆ ಇದ್ದಲ" ಅಂದರು. ಕಿತ್ತಳೆ ಬಣ್ಣ, ಮೇಲೆ ನಾಳದ ಗೆರೆ, ನಿಜವಾಗಿ ಹಾಗೇ ಇದೆ. ಆಮೇಲೆ ಹಳದಿ ಕಲೆಯ ಮೇಲೆ ಬೆರಳಿಟ್ಟು, ಇದೇ ಕೊಳೆಯಾ ಅಂತ ಡಾಕ್ಟರಿಗೆ ಕೇಳಿದರು. ಕುಮಟಾ ಅಕ್ಕ, ನಿಮ್ಮ ಬೋರ್ಡೋ ಕೆಲಸ ಮಾಡಿದೆ.

ಕುಮಟಾ ಕನ್ನಡಕ

ಓದಿ ಖುಷಿ ಆಯಿತು. ಮಚ್ಚೆಯ ಫೋಟೋ ವರ್ಷಕ್ಕೊಮ್ಮೆ ತೆಗೆಸುವುದನ್ನು ಬಿಡಬೇಡಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಸಿಬಿಡುತ್ತದೆ, ಸಣ್ಣ ಚುಕ್ಕೆ ಮಾಯ. ಡಾಕ್ಯುಮೆಂಟ್ ಅಂತ ಕಳಿಸಿ.

ಬನವಾಸಿ ಬಸ್ಸು

ನಾನೂ ನಾಳೆ ಕೇಳಲಿಕ್ಕೆ ಹೋಗುತ್ತೇನೆ. ಅರ್ಜಿ ಹೇಗೆ ಬರೆದಿರಿ? ಸ್ವಲ್ಪ ಇಲ್ಲಿ ಹಾಕಿ.

ತೋಟದ ಮಾಣಿ (ಶಿರಸಿ)

ದೊಡ್ಡದೇನಲ್ಲ, ಅರ್ಧ ಹಾಳೆ. ಅಪ್ಪಯ್ಯನೇ ಸಹಿ ಮಾಡಿದ್ದು. ಹೀಗಿತ್ತು:

"ನಾನು ನಿಮ್ಮಲ್ಲಿ ಇಂಥ ದಿನ ಕಣ್ಣು ತೋರಿಸಿಕೊಂಡಿದ್ದೇನೆ. ನನ್ನ ನೋಂದಣಿ ಸಂಖ್ಯೆ ಇಷ್ಟು. ಆ ದಿನ ತೆಗೆದ ಎರಡೂ ಕಣ್ಣಿನ ಫಂಡಸ್ ಫೋಟೋ ಮತ್ತು ಓಸಿಟಿ ಚಿತ್ರಗಳ ಮೂಲ ಫೈಲುಗಳನ್ನು, ಪ್ರಿಂಟ್ ಅಲ್ಲ, ನನ್ನ ಮಗನ ಕೈಯಲ್ಲಿ ಕೊಡಬೇಕಾಗಿ ವಿನಂತಿ. ಯಾವ ಯಂತ್ರದಲ್ಲಿ ತೆಗೆದದ್ದು ಅಂತಲೂ ಬರೆದುಕೊಡಿ."

ಕೊನೆಯ ಸಾಲು ಇಲ್ಲಿ ಓದಿದ ಮೇಲೆ ಸೇರಿಸಿದ್ದು. ಬಿಲ್ಲಿನ ಜೆರಾಕ್ಸ್ ಜೊತೆಗಿಡಿ, ನೋಂದಣಿ ಸಂಖ್ಯೆ ಅದರಲ್ಲೇ ಇರುತ್ತದೆ. ಮತ್ತೆ ಊಟದ ಹೊತ್ತಿಗೆ ಹೋಗಬೇಡಿ, ದಾಖಲೆ ಕೊಡುವವರು ಒಬ್ಬರೇ ಇರುತ್ತಾರೆ.